ಮೋಡದೊಳಗಿನ ತೇವ ನೋಡಲು ಯಾವ ಕಣ್ಣು? ರಾಯಚೂರು, ಕೊಪ್ಪಳ, ಬಳ್ಳಾರಿಗೆ ಹವಾ ಮಾದರಿ ಓಡಿಸುವವರಿಗೆ ಒಂದು ಹೋಲಿಕೆ

ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಕಾರಟಗಿ ಕಡೆಯ ರೈತರೊಬ್ಬರು ಫೋನ್ ಮಾಡಿದರು. “ಸರ, ಎರಡನೇ ಬೆಳಿ ನೆಲ್ಲು ಕೊಯ್ಸೀವ್ರಿ, ಕಣದಾಗ ರಾಶಿ ಹಾಕೀವಿ. ನಾಳಿ ಮಳಿ ಬರ್ತೈತೇನ್ರಿ? ತಾಡಪಾಲು ಬಾಡಿಗಿಗೆ ತರಬೇಕೋ ಬ್ಯಾಡೋ, ಅಷ್ಟ ಹೇಳ್ರಿ.” ರಾಯಚೂರಿನ ನಮ್ಮ ಕೊಠಡಿಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಹವಾ ಮುನ್ಸೂಚನೆಯ ಮಾದರಿಯನ್ನು ನೋಡಿದೆ. ಗಂಗಾವತಿಯಿಂದ ಸಿಂಧನೂರಿನ ತನಕ ಕೆಳಮಟ್ಟದ ಗಾಳಿ ಒಣಗಿಹೋಗಿತ್ತು. ಮಳೆ ಇಲ್ಲ ಎಂದೆ. ಮರುದಿನ ಸಂಜೆ ಐದಕ್ಕೆ ಬಿರುಗಾಳಿ, ಗುಡುಗು, ಅದರ ಬೆನ್ನಿಗೇ ಭರಣಿ ಮಳೆ. ಮೂರನೇ ದಿನ ಆ ರೈತರು ಒಂದು ಹಿಡಿ ನೆಲ್ಲು ತಂದು ನನ್ನ ಮೇಜಿನ ಮೇಲಿಟ್ಟರು. ಕಾಳಿನ ತುದಿಯಲ್ಲಿ ಬಿಳಿ ಮೊಳಕೆ ಒಡೆದಿತ್ತು. ಅವರು ಒಂದು ಮಾತೂ ಅನ್ನಲಿಲ್ಲ.

ತಪ್ಪು ಎಲ್ಲಿತ್ತೆಂದು ಹುಡುಕಲು ಎರಡು ವಾರ ಹಿಡಿಯಿತು. ಉಪಗ್ರಹದ ಮೈಕ್ರೋವೇವ್ ಉಪಕರಣ ಅಳೆದ ತೇವಾಂಶವನ್ನು ಮಾದರಿಗೆ ಉಣಿಸಿದ್ದೆ. ಮಾಪನ ಸರಿಯಾಗಿಯೇ ಇತ್ತು. ಯಾವ ಚಾನೆಲ್ಲನ್ನು (ಉಪಕರಣ ಅಳೆಯುವ ಒಂದೊಂದು ಕಂಪನಾಂಕವೂ ಒಂದು ಚಾನೆಲ್), ಯಾವ ನೆಲದ ಮೇಲೆ, ಯಾವ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು ಎಂಬ ನನ್ನ ಆಯ್ಕೆ ತಪ್ಪಾಗಿತ್ತು. ನಮ್ಮ ಮೂರು ಜಿಲ್ಲೆಗಳ ಕಾಲೇಜುಗಳಲ್ಲಿ ಡಬ್ಲ್ಯುಆರ್‌ಎಫ್ ಎಂಬ ಪ್ರಾದೇಶಿಕ ಹವಾ ಮಾದರಿ ಓಡಿಸಲು ಹೊರಟ ವಿದ್ಯಾರ್ಥಿಗಳು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರು ಇದೇ ಕವಲುಗಳ ಮುಂದೆ ನಿಲ್ಲುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸ್ವಂತ ಮಾದರಿಯೋ, ಸಿದ್ಧ ಮುನ್ಸೂಚನೆಯೋ

ಇದನ್ನು ಬೇಗ ಮುಗಿಸುತ್ತೇನೆ. ರೈತರಿಗೆ ನಾಳೆ ನಾಡಿದ್ದರ ಮಳೆ ತಿಳಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಸ್ವಂತ ಮಾದರಿ ಬೇಡ. ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಮಂಗಳವಾರ, ಶುಕ್ರವಾರ ಕೃಷಿ ಹವಾ ಸಲಹೆ ಬರುತ್ತದೆ. ನೊಯಿಡಾದ ರಾಷ್ಟ್ರೀಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 12 ಕಿಲೋಮೀಟರ್ ಜಾಲದ ಜಾಗತಿಕ ಮಾದರಿ ನಡೆಸುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ರೂಪುಗೊಂಡ 6 ಕಿಲೋಮೀಟರ್ ಜಾಲದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಿಂದ ಬಳಕೆಯಲ್ಲಿದೆ. ದೊಡ್ಡ ಜಾಗತಿಕ ಮಾದರಿಗಳು ಮೈಕ್ರೋವೇವ್ ತೇವಾಂಶ ಮಾಪನವನ್ನು ಉಂಡೇ ಬಂದಿರುತ್ತವೆ. ಆ ಕೆಲಸಕ್ಕೆ ಎಷ್ಟೋ ಜನ ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ, ಒಂದು ವರ್ಕ್‌ಸ್ಟೇಷನ್ ಇಟ್ಟುಕೊಂಡ ನಾವು ಅದನ್ನು ಮೀರಿಸುವುದು ಕಷ್ಟ.

ಸ್ವಂತ ಮಾದರಿ ಬೇಕಾಗುವುದು ಎರಡು ಕಾರಣಕ್ಕೆ. ಒಂದು, ಕಲಿಯಲು. ಇನ್ನೊಂದು, ಜಾಗತಿಕ ಮಾದರಿ ಮತ್ತೆ ಮತ್ತೆ ಎಡವುವ ನಮ್ಮದೇ ಒಂದು ಸನ್ನಿವೇಶವನ್ನು ಬಿಡಿಸಿ ನೋಡಲು. ಉದಾಹರಣೆಗೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ರಾಯಚೂರಿನ ಮೇಲೆ ಬಂದಾಗ ಮಳೆ ಕೃಷ್ಣೆಯ ಆಚೆ ಬೀಳುತ್ತದೋ, ತುಂಗಭದ್ರೆಯ ಈಚೆ ಬೀಳುತ್ತದೋ ಎಂಬುದು. ಈ ಎರಡರಲ್ಲಿ ಒಂದು ನಿಮ್ಮದಾಗಿದ್ದರೆ ಮುಂದೆ ಓದಿ.

ಬಲೂನು, ಇನ್ಫ್ರಾರೆಡ್, ರೇಡಿಯೋ ಮರೆಯಾಟ, ಮೈಕ್ರೋವೇವ್

ಗಾಳಿಯಲ್ಲಿನ ನೀರಾವಿಯನ್ನು ಎತ್ತರದ ಪ್ರಕಾರ ಅಳೆಯುವ ಅತಿ ಹಳೆಯ, ಅತಿ ನಂಬಿಕೆಯ ಸಾಧನ ರೇಡಿಯೋಸಾಂಡ್ ಎಂಬ ಪುಟ್ಟ ಉಪಕರಣ ಕಟ್ಟಿದ ಬಲೂನು. ಅದು ಏರುತ್ತಾ ಪದರ ಪದರವಾಗಿ ತೇವ ತಿಳಿಸುತ್ತದೆ. ಆ ಸೂಕ್ಷ್ಮತೆ ಇನ್ನಾವುದಕ್ಕೂ ಇಲ್ಲ. ಆದರೆ ಬಲೂನು ಹಾರುವುದು ಬೆಳಗಿನ 5.30 ಮತ್ತು ಸಂಜೆ 5.30ರ ಲೆಕ್ಕಕ್ಕೆ, ದಿನಕ್ಕೆ ಹೆಚ್ಚೆಂದರೆ ಎರಡು ಸಲ. ಹಾರುವ ಜಾಗವೂ ಬೆಂಗಳೂರು, ಮಂಗಳೂರು, ಗೋವಾ, ಹೈದರಾಬಾದ್. ನಾಲ್ಕೂ ನಮ್ಮಿಂದ ದೂರ, ಮತ್ತು ಕಡಲ ಮೇಲೆ ಬಲೂನು ಇಲ್ಲವೆಂದೇ ಹೇಳಬೇಕು.

ಇನ್ಫ್ರಾರೆಡ್ ಎಂದರೆ ಇನ್‌ಸ್ಯಾಟ್ ನೆನಪಾಗುತ್ತದೆ. ಇನ್‌ಸ್ಯಾಟ್ 3ಡಿ 2013ರಲ್ಲಿ, 3ಡಿಆರ್ 2016ರಲ್ಲಿ, 3ಡಿಎಸ್ 2024ರಲ್ಲಿ ಮೇಲೇರಿದವು. ಭೂಸ್ಥಿರ ಕಕ್ಷೆಯಲ್ಲಿರುವುದರಿಂದ ಅರ್ಧ ಗಂಟೆಗೊಂದು ಚಿತ್ರ ಸಿಗುತ್ತದೆ. ಇವುಗಳಲ್ಲಿ ಇನ್ಫ್ರಾರೆಡ್ಡಿನ 18 ಚಾನೆಲ್‌ಗಳ ಸೌಂಡರ್, ಅಂದರೆ ಎತ್ತರದ ಪ್ರಕಾರ ಅಳೆಯುವ ಉಪಕರಣ, ಕೂಡ ಇದೆ. ಯುರೋಪಿನ ಮೆಟ್‌ಆಪ್ ಉಪಗ್ರಹಗಳಲ್ಲಿರುವ ಯಾಸಿ ಎಂಬ ಉಪಕರಣಕ್ಕಂತೂ 8461 ಚಾನೆಲ್. ಆಕಾಶ ಶುಭ್ರವಾಗಿದ್ದರೆ ಇವು ಕೊಡುವ ವಿವರ ಬಹಳ ಒಳ್ಳೆಯದು. ತೊಡಕು ಒಂದೇ: ಇನ್ಫ್ರಾರೆಡ್ಡಿಗೆ ಮೋಡ ಎಂದರೆ ಗೋಡೆ. ಮೋಡದ ನೆತ್ತಿ ಕಾಣುತ್ತದೆ, ಅದರ ಕೆಳಗೆ ಏನೂ ಕಾಣುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಅರಬ್ಬೀ ಸಮುದ್ರದಿಂದ ಮಲೆನಾಡಿನ ತನಕ ಹೊದಿಕೆ ಹೊದ್ದಂತೆ ಮೋಡ ಇರುತ್ತದೆ. ಮಾದರಿಗೆ ತೇವದ ಲೆಕ್ಕ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಈ ಉಪಕರಣ ಕುರುಡಾಗುತ್ತದೆ.

ಜಿಪಿಎಸ್ ಸಂಕೇತ ವಾತಾವರಣದ ಅಂಚಿನಲ್ಲಿ ಬಾಗುವುದನ್ನು ಅಳೆಯುವ ರೇಡಿಯೋ ಮರೆಯಾಟದ ವಿಧಾನವೂ ಉಂಟು. 2019ರಲ್ಲಿ ಹಾರಿದ ಕಾಸ್ಮಿಕ್-2ರ ಆರು ಉಪಗ್ರಹಗಳು ಉಷ್ಣವಲಯಕ್ಕೆಂದೇ ಇರುವಂಥವು. ಮೋಡ ಅಡ್ಡಿಯಲ್ಲ, ಎತ್ತರದ ಲೆಕ್ಕ ನಿಖರ. ಆದರೆ ಒಂದು ನಿರ್ದಿಷ್ಟ ದಿನ ನಮ್ಮ ಭಾಗದ ಮೇಲೆ ಎಷ್ಟು ಮಾಪನ ಬೀಳುತ್ತದೆ ಎಂಬುದಕ್ಕೆ ಭರವಸೆ ಇಲ್ಲ. ಜೊತೆಗಿರಲಿ ಎನ್ನಬಹುದು, ಇದೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ.

ಉಳಿದದ್ದು ಮೈಕ್ರೋವೇವ್. ನೀರಾವಿ 183.31 ಗಿಗಾಹರ್ಟ್ಜ್ ಕಂಪನಾಂಕದಲ್ಲಿ ಬಲವಾಗಿ ವಿಕಿರಣ ಹೀರುತ್ತದೆ, ಅಷ್ಟೇ ಬಲವಾಗಿ ಸೂಸುತ್ತದೆ. ಆ ಕೇಂದ್ರಕ್ಕೆ ತೀರ ಹತ್ತಿರದ ಚಾನೆಲ್ ಮೇಲಿನ ಗಾಳಿಯ ತೇವವನ್ನಷ್ಟೇ ಕಾಣುತ್ತದೆ, ಏಕೆಂದರೆ ಕೆಳಗಿನಿಂದ ಬಂದದ್ದೆಲ್ಲ ದಾರಿಯಲ್ಲೇ ಹೀರಿಹೋಗಿರುತ್ತದೆ. ಕೇಂದ್ರದಿಂದ ದೂರ ಸರಿದಷ್ಟೂ ಚಾನೆಲ್ ಆಳಕ್ಕೆ ಇಳಿಯುತ್ತದೆ. ಮಳೆಗಾಲದ ನಮ್ಮ ಗಾಳಿಯಲ್ಲಿ 1 ಗಿಗಾಹರ್ಟ್ಜ್ ಅಂತರದ ಚಾನೆಲ್ ಸುಮಾರು 8 ಕಿಲೋಮೀಟರ್ ಎತ್ತರದ ತೇವ ಹೇಳಿದರೆ, 3ರ ಅಂತರದ್ದು ಸುಮಾರು 6 ಕಿಲೋಮೀಟರಿನದು, 7ರ ಅಂತರದ್ದು ಸುಮಾರು 3 ಕಿಲೋಮೀಟರಿನದು. ತೆಳು ಮೋಡವನ್ನು ಇದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಮಕಣ ತುಂಬಿದ ಎತ್ತರದ ಗುಡುಗುಮೋಡ ಮಾತ್ರ ಇದರ ವಿಕಿರಣವನ್ನು ಚದುರಿಸುತ್ತದೆ.

ಇದಕ್ಕೂ ಕೊರತೆಯಿದೆ. ಒಂದೊಂದು ಚಾನೆಲ್ಲೂ ಕೆಲವು ಕಿಲೋಮೀಟರ್ ದಪ್ಪದ ಪದರದ ಸರಾಸರಿ ಹೇಳುತ್ತದೆ, ಬಲೂನಿನ ಸೂಕ್ಷ್ಮತೆ ಇಲ್ಲ. ಆದರೂ ನಮ್ಮ ಭಾಗಕ್ಕೆ ಒಂದೇ ಒಂದು ಹೊಸ ಮಾಪನ ಸೇರಿಸಲು ನಿಮಗೆ ಸಮಯವಿದೆ ಎಂದರೆ ನಾನು ಹಿಂದೆಮುಂದೆ ನೋಡದೆ 183 ಗಿಗಾಹರ್ಟ್ಜ್ ಎನ್ನುತ್ತೇನೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡಬೇಕು. ಮೈಕ್ರೋವೇವ್ ಇಮೇಜರ್‌ಗಳೂ ತೇವ ಅಳೆಯುತ್ತವೆ. 2012ರಲ್ಲಿ ಹಾರಿದ ಜಪಾನಿನ ಆಮ್ಸರ್-2 ಅಂಥದ್ದು. ಅವು 22 ಗಿಗಾಹರ್ಟ್ಜ್ ಸುತ್ತಿನ ದುರ್ಬಲ ರೇಖೆಯನ್ನು ನೆಚ್ಚಿಕೊಂಡಿರುವುದರಿಂದ ನೆಲದಿಂದ ನೆತ್ತಿಯ ತನಕದ ಒಟ್ಟು ನೀರಾವಿಯನ್ನು, ಅದೂ ಕಡಲ ಮೇಲೆ ಮಾತ್ರ, ಚೆನ್ನಾಗಿ ಹೇಳುತ್ತವೆ. ನೆಲದ ಮೇಲೂ ಎತ್ತರದ ಲೆಕ್ಕ ಬೇಕೆಂದರೆ 183ರ ಸೌಂಡರೇ ಬೇಕು.

ಯಾವ ಉಪಕರಣ

ನಮ್ಮ ಅಕ್ಷಾಂಶಕ್ಕೆ ಹೇಳಿ ಮಾಡಿಸಿದಂತಿದ್ದದ್ದು ಸಫೀರ್ ಎಂಬ ಸೌಂಡರ್. ಅದನ್ನು ಹೊತ್ತಿದ್ದ, ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ ಮೇಘಾ ಟ್ರಾಪಿಕ್ಸ್ ಉಪಗ್ರಹ 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಏರಿತು. ಅದರ ಕಕ್ಷೆ ಸಮಭಾಜಕಕ್ಕೆ ಕೇವಲ 20 ಡಿಗ್ರಿ ಓರೆ. ಧ್ರುವದ ಮೇಲೆ ಹಾಯುವ ಉಪಗ್ರಹ ದಿನಕ್ಕೆ ಎರಡು ಸಲ ನಮ್ಮನ್ನು ನೋಡಿದರೆ, ಇದು ಉಷ್ಣವಲಯದಲ್ಲೇ ಸುತ್ತುತ್ತಾ ದಿನಕ್ಕೆ ಹಲವು ಸಲ ನೋಡುತ್ತಿತ್ತು. ಬಳ್ಳಾರಿ 15 ಡಿಗ್ರಿ, ರಾಯಚೂರು 16 ಡಿಗ್ರಿ ಉತ್ತರಕ್ಕಿವೆ, ಅಂದರೆ ಅದರ ಕಣ್ಣು ಅತಿ ಹೆಚ್ಚು ಬೀಳುತ್ತಿದ್ದ ಪಟ್ಟಿಯಲ್ಲೇ. 183.31ರ ಸುತ್ತಲೇ ಆರು ಚಾನೆಲ್, ನೇರ ಕೆಳಗೆ 10 ಕಿಲೋಮೀಟರ್ ಸೂಕ್ಷ್ಮತೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವೂ ನಮ್ಮ ನೊಯಿಡಾ ಕೇಂದ್ರವೂ ಅದನ್ನು ಮಾದರಿಗೆ ಉಣಿಸಿದವು. 2023ರ ಮಾರ್ಚ್ 7ರಂದು ಇಸ್ರೋ ಆ ಉಪಗ್ರಹವನ್ನು ನಿಯಂತ್ರಿತವಾಗಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗುವಂತೆ ಮಾಡಿತು. ಅಂಥದೇ ಒಂದು ಕಣ್ಣು ಮತ್ತೆ ನಮ್ಮ ಮೇಲೆ ಇರಬೇಕು ಎಂಬ ಆಸೆ ನನಗೆ ಹೋಗಿಲ್ಲ. ಹಳೆಯ ಘಟನೆಯನ್ನು ಅಧ್ಯಯನ ಮಾಡುವವರಿಗೆ ಸಫೀರ್ ಈಗಲೂ ಮೊದಲ ಆಯ್ಕೆ. 2019ರ ಆಗಸ್ಟಿನ ಕೃಷ್ಣಾ ಪ್ರವಾಹ, ಕಾಕಿನಾಡದ ಬಳಿ ದಡ ಹತ್ತಿದ 2020ರ ಅಕ್ಟೋಬರ್ 13ರ ವಾಯುಭಾರ ಕುಸಿತ ಇಂಥವನ್ನು ಹಿಡಿಯುವ ಮುಂಚೆ ಆ ದಿನಗಳ ಸಫೀರ್ ಕಡತ ಪೂರ್ತಿ ಇದೆಯೇ ನೋಡಿಕೊಳ್ಳಿ. 2009ರ ಸೆಪ್ಟೆಂಬರ್ ಕೊನೆಯ ಆ ಭೀಕರ ಮಳೆಯ ಕಾಲಕ್ಕೆ ಸಫೀರ್ ಇನ್ನೂ ಹಾರಿರಲಿಲ್ಲ. ಅದಕ್ಕೆ ಎಂಎಚ್‌ಎಸ್‌ನಂಥ ಹಳೆಯ ಮೈಕ್ರೋವೇವ್ ಸೌಂಡರ್‌ಗಳೇ ಗತಿ.

ಈಗಿನ ದಿನಗಳಿಗೆ ಆಯ್ಕೆ ಎಂಎಚ್‌ಎಸ್ ಮತ್ತು ಎಟಿಎಂಎಸ್ ನಡುವೆ. ಎಂಎಚ್‌ಎಸ್ ಐದು ಚಾನೆಲ್ಲಿನ ಹಳೆಯ, ಗಟ್ಟಿ ಉಪಕರಣ. ಇಂದು ಮೆಟ್‌ಆಪ್-ಬಿ ಮತ್ತು ಮೆಟ್‌ಆಪ್-ಸಿ ಮೇಲಿದೆ. ಇದನ್ನು ಹೊತ್ತಿದ್ದ ಅಮೆರಿಕದ ನೋವಾ-18, ನೋವಾ-19 ಉಪಗ್ರಹಗಳು 2025ರಲ್ಲಿ ಸೇವೆ ಮುಗಿಸಿದವು. ಎಟಿಎಂಎಸ್ 22 ಚಾನೆಲ್ಲಿನದು, ತಾಪಮಾನ ಮತ್ತು ತೇವ ಎರಡನ್ನೂ ಒಂದೇ ಉಪಕರಣ ಅಳೆಯುತ್ತದೆ. 2017ರ ನೋವಾ-20, 2022ರ ನೋವಾ-21ರ ಮೇಲಿದೆ. 183ರ ಸುತ್ತ ಎಂಎಚ್‌ಎಸ್‌ಗೆ ಮೂರು ಚಾನೆಲ್ ಇದ್ದರೆ ಎಟಿಎಂಎಸ್‌ಗೆ ಐದು. ಒಂದನ್ನೇ ಆರಿಸಿ ಎಂದರೆ ಎಟಿಎಂಎಸ್ ಎನ್ನುತ್ತೇನೆ. ಒಂದು ಸುತ್ತಿನಲ್ಲಿ ಅದು ನೋಡುವ ನೆಲದ ಪಟ್ಟಿಯೂ ಅಗಲ, ಒಂದು ಸುತ್ತು ಮತ್ತು ಇನ್ನೊಂದರ ನಡುವೆ ಸಮಭಾಜಕದ ಹತ್ತಿರ ಬೀಳುವ ಖಾಲಿ ಜಾಗ ಇದರಲ್ಲಿ ಇರುವುದಿಲ್ಲ. ಆದರೆ ಒಂದನ್ನೇ ಆರಿಸುವ ಅಗತ್ಯ ಏಕೆ ಇಲ್ಲ ಎಂಬುದು ಮುಂದಿನ ಮಾತಿನಲ್ಲಿ ತಿಳಿಯುತ್ತದೆ.

ಹೊತ್ತಿನ ಲೆಕ್ಕ

ನಾನು ಅತಿ ತಡವಾಗಿ ಅರಿತದ್ದು ಇದನ್ನೇ. ಮೆಟ್‌ಆಪ್ ಯಾವ ಊರಿನ ಮೇಲೆ ಹಾಯ್ದರೂ ಅಲ್ಲಿನ ಸ್ಥಳೀಯ ಹೊತ್ತು ಸುಮಾರು 9.30 ಆಗಿರುತ್ತದೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ನೋವಾ-20 ಮತ್ತು 21 ಹಾಯುವುದು 1.30ರ ಸುಮಾರಿಗೆ, ಮಧ್ಯಾಹ್ನ ಒಮ್ಮೆ, ನಡುರಾತ್ರಿ ಕಳೆದು ಒಮ್ಮೆ. ರಾಯಚೂರಿನ ಲೆಕ್ಕದಲ್ಲಿ ಇದನ್ನು ಜಾಗತಿಕ ಸಮಯಕ್ಕೆ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ) ತಿರುಗಿಸಿ. ಮೆಟ್‌ಆಪ್ 04 ಮತ್ತು 16 ಗಂಟೆ ದಾಟಿದ ಮೇಲೆ, ನೋವಾ 08 ಮತ್ತು 20 ಗಂಟೆ ದಾಟಿದ ಮೇಲೆ ಬರುತ್ತವೆ.

ನಾವೆಲ್ಲ ಮಾದರಿಯನ್ನು ರೂಢಿಯಂತೆ ಜಾಗತಿಕ ಸಮಯದ 00 ಅಥವಾ 12 ಗಂಟೆಗೆ ಶುರು ಮಾಡುತ್ತೇವೆ. ಆ ಗಂಟೆಯ ಆಚೀಚೆ ಮೂರು ಗಂಟೆಯ ಮಾಪನಗಳನ್ನು ತೆಗೆದುಕೊಳ್ಳುವುದು ವಾಡಿಕೆ. 00ಕ್ಕೆ ಹಿಂದಿನ ರಾತ್ರಿ 21ರಿಂದ ಬೆಳಗಿನ 03ರ ತನಕ. ಈ ಕಿಟಕಿಯಲ್ಲಿ ನಮ್ಮ ಮೇಲೆ ಮೆಟ್‌ಆಪ್ ಇಲ್ಲ, ನೋವಾ ಆಗಲೇ ಹೋಗಿಯಾಗಿದೆ. ಅರಬ್ಬೀ ಸಮುದ್ರದ ಪಶ್ಚಿಮದ ತುದಿಯಲ್ಲಿ ಒಂದಿಷ್ಟು ಸಿಗಬಹುದು, ಅಷ್ಟೇ. 12ರ ಕಿಟಕಿಯೂ ಹೀಗೆಯೇ. ನಾಲ್ಕು ತಿಂಗಳು ನಾನು 00 ಗಂಟೆಗೆ ಓಡಿಸಿ, ಮೈಕ್ರೋವೇವ್ ತೇವಾಂಶದಿಂದ ಏನೂ ವ್ಯತ್ಯಾಸ ಕಾಣುತ್ತಿಲ್ಲ ಎಂದು ಬರೆದಿಟ್ಟುಕೊಂಡಿದ್ದೆ. ವ್ಯತ್ಯಾಸ ಕಾಣಲು ಮಾಪನವೇ ಒಳಗೆ ಹೋಗಿರಲಿಲ್ಲ. ಲಾಗ್ ಕಡತದಲ್ಲಿ ಬಳಕೆಯಾದ ಮಾಪನ ಬಿಂದುಗಳ ಸಂಖ್ಯೆಯ ಸಾಲಿನಲ್ಲಿ ಸೊನ್ನೆ ಇತ್ತು.

06 ಗಂಟೆಗೆ, ಅಂದರೆ ನಮ್ಮ ಬೆಳಗಿನ 11.30ಕ್ಕೆ ಬನ್ನಿ. ಅದರ ಕಿಟಕಿ 03ರಿಂದ 09. ಮೆಟ್‌ಆಪ್ ಒಳಗಿದೆ, ನೋವಾ ಒಳಗಿದೆ. 18 ಗಂಟೆಗೂ, ಅಂದರೆ ರಾತ್ರಿ 11.30ಕ್ಕೂ ಎರಡೂ ಒಳಗಿವೆ. ಬಲೂನು ಹಾರುವುದು 00 ಮತ್ತು 12ಕ್ಕೆ, ಮೈಕ್ರೋವೇವ್ ದಕ್ಕುವುದು 06 ಮತ್ತು 18ಕ್ಕೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗಾಗಿ ಎರಡರಲ್ಲಿ ಒಂದು ಎಂಬ ಪ್ರಶ್ನೆ ಬೇಡ, ಆರು ಗಂಟೆಗೊಮ್ಮೆ ಸುತ್ತು ಹಾಕಿಸಿ. ಚೀನಾದ ಫೆಂಗ್‌ಯುನ್-3ಇ 2021ರಿಂದ ಬೆಳಗು ಸಂಜೆಯ ಕಕ್ಷೆಯಲ್ಲಿದ್ದು ಅದರಲ್ಲೂ 183ರ ಸೌಂಡರ್ ಇದೆ. ಅದು 00 ಮತ್ತು 12ರ ಹೊತ್ತನ್ನೇ ತುಂಬುವಂಥದ್ದು.

ಎರಡು ಸಲ ಹೆಪ್ಪು ಹಾಕಬೇಡಿ

ಸುತ್ತು ಹಾಕಿಸಿ ಎಂದದ್ದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಅಮೆರಿಕದ ಜಿಎಫ್‌ಎಸ್ ಎಂಬ ಜಾಗತಿಕ ಮಾದರಿಯ ಆರಂಭಿಕ ಸ್ಥಿತಿಯನ್ನು ಇಳಿಸಿಕೊಂಡು, ಅದರ ಮೇಲೆ ಎಂಎಚ್‌ಎಸ್ ಮತ್ತು ಎಟಿಎಂಎಸ್ ಸೇರಿಸಿ ಪ್ರಬಂಧ ಬರೆಯುವವರು ಬಹಳ. ಆದರೆ ಆ ಆರಂಭಿಕ ಸ್ಥಿತಿಯೊಳಗೆ ಅದೇ ಉಪಗ್ರಹದ ಅದೇ ಮಾಪನ ಆಗಲೇ ಬೆರೆತಿರುತ್ತದೆ. ಹೆಪ್ಪು ಹಾಕಿದ ಹಾಲಿಗೆ ಮತ್ತೆ ಹೆಪ್ಪು ಹಾಕಿದಂತೆ, ಮೊಸರು ಗಟ್ಟಿಯಾಗುವುದಿಲ್ಲ, ಹುಳಿಯಾಗುತ್ತದೆ. ಮಾದರಿ ಒಂದೇ ಸುದ್ದಿಯನ್ನು ಎರಡು ಬಾಯಿಂದ ಕೇಳಿ ಅತಿಯಾಗಿ ನಂಬಿಬಿಡುತ್ತದೆ.

ಸರಿಯಾದ ದಾರಿ ಹೀಗೆ: ಒಂದು ದಿನ ಜಿಎಫ್‌ಎಸ್‌ನಿಂದ ಶುರು ಮಾಡಿ, ಆಮೇಲೆ ನಿಮ್ಮದೇ ಮಾದರಿಯ ಆರು ಗಂಟೆಯ ಮುನ್ಸೂಚನೆಯನ್ನು ಮೊದಲ ಅಂದಾಜಾಗಿ ಇಟ್ಟುಕೊಂಡು ಅದಕ್ಕೆ ಮಾಪನ ಸೇರಿಸುತ್ತಾ ಹೋಗಿ. ಅಂಚುಗಳಲ್ಲಿ ಜಿಎಫ್‌ಎಸ್ ಇದ್ದೇ ಇರುತ್ತದೆ, ಅದು ತಪ್ಪಲ್ಲ. ಹೀಗೆ ಕೆಲವು ದಿನ ನಡೆದ ಮೇಲೆ ಮಾಪನ ಇದ್ದಾಗ ಮತ್ತು ಇಲ್ಲದಾಗಿನ ವ್ಯತ್ಯಾಸ ನಿಜವಾದ ವ್ಯತ್ಯಾಸ ಆಗುತ್ತದೆ.

ನೆಲದ ಮೇಲೋ, ಕಡಲ ಮೇಲೋ

ಕಾರಟಗಿಯ ನೆಲ್ಲಿಗೆ ಬರುತ್ತೇನೆ. 7 ಗಿಗಾಹರ್ಟ್ಜ್ ಅಂತರದ ಚಾನೆಲ್ ಮಳೆಗಾಲದಲ್ಲಿ 3 ಕಿಲೋಮೀಟರ್ ಎತ್ತರ ನೋಡುತ್ತದೆ ಎಂದೆ. ಅದು ಗಾಳಿ ತೇವವಾಗಿದ್ದಾಗಿನ ಮಾತು. ಏಪ್ರಿಲಿನ ನಮ್ಮ ಒಣ ಗಾಳಿಯಲ್ಲಿ ತಡೆಯುವಷ್ಟು ನೀರಾವಿ ಇರುವುದಿಲ್ಲ, ಚಾನೆಲ್ ಸೀದಾ ನೆಲವನ್ನೇ ಇಣುಕುತ್ತದೆ. ತೀರ ಒಣಗಿದ ದಿನ 3ರ ಚಾನೆಲ್ ಕೂಡ ನೆಲದ ಕಡೆ ವಾಲುತ್ತದೆ. ಮಧ್ಯಾಹ್ನ 1.30ಕ್ಕೆ ಬಳ್ಳಾರಿಯ ಎರೆಹೊಲದ ಮೇಲೆ ಬರಿಗಾಲಿಟ್ಟವರಿಗೆ ಗೊತ್ತು ಆ ನೆಲ ಎಷ್ಟು ಕಾದಿರುತ್ತದೆಂದು. ಮಾದರಿಯೊಳಗಿನ ನೆಲ ಅಷ್ಟು ಕಾದಿರಲಿಲ್ಲ. ಉಪಗ್ರಹ ಹೆಚ್ಚು ಬಿಸಿ ಕಂಡಿತು, ಮಾದರಿ ಕಡಿಮೆ ಬಿಸಿ ನಿರೀಕ್ಷಿಸಿತ್ತು. ಈ ಅಂತರವನ್ನು ಮಾದರಿ ಹೇಗೆ ಅರ್ಥ ಮಾಡಿಕೊಂಡಿತು? ನಡುವೆ ನೀರಾವಿ ಕಡಿಮೆ ಇರುವುದರಿಂದಲೇ ಕೆಳಗಿನ ಬಿಸಿ ಕಾಣುತ್ತಿದೆ ಎಂದು. ಹಾಗೆಂದು ತುಂಗಭದ್ರಾ ಅಚ್ಚುಕಟ್ಟಿನ ಮೇಲಿದ್ದ ತೇವವನ್ನೆಲ್ಲ ಹಿಂಡಿ ತೆಗೆಯಿತು. ಗುಡುಗುಮಳೆಗೆ ಬೇಕಾದ ಮೇವೇ ಹೋಯಿತು. ತೇವದ ತಿದ್ದುಪಡಿಯ ನಕ್ಷೆಯನ್ನು ಆ ದಿನ ತೆರೆದು ನೋಡಿದ್ದರೆ ಸಾಕಿತ್ತು. ಬಳ್ಳಾರಿಯಿಂದ ಸಿಂಧನೂರಿಗೆ ಎಳೆದ ಕಂದು ಕಲೆಯಂತೆ ಅದು ಎದ್ದು ಕಾಣುತ್ತಿತ್ತು.

ಆದ್ದರಿಂದ ನನ್ನ ಈಗಿನ ನಿಯಮ: ನೆಲದ ಮೇಲೆ ಜೂನ್‌ನಿಂದ ಅಕ್ಟೋಬರ್ ತನಕ 1ರ ಮತ್ತು 3ರ ಚಾನೆಲ್, ಎಟಿಎಂಎಸ್‌ನಲ್ಲಾದರೆ 1, 1.8, 3. ಮಾರ್ಚ್‌ನಿಂದ ಮೇ ತನಕ ನೆಲದ ಮೇಲೆ 1ರದು ಮಾತ್ರ. 7ರ ಚಾನೆಲ್, ಅದಕ್ಕೂ ಆಳದ 89 ಮತ್ತು 157 ಗಿಗಾಹರ್ಟ್ಜ್ ನೆಲದ ಮೇಲೆ ಬೇಡವೇ ಬೇಡ. ಕಡಲ ಮೇಲೆ 1, 3, 7 ಎಲ್ಲವನ್ನೂ ವರ್ಷವಿಡೀ ತೆಗೆದುಕೊಳ್ಳಿ.

ನೆಲದ ಮೇಲೆ ಇಷ್ಟು ಕಳೆದುಕೊಂಡರೆ ನಮ್ಮ ಜಿಲ್ಲೆಗೆ ಏನು ಉಳಿಯಿತು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಹೆಚ್ಚಿನದು ಉಳಿಯಿತು. ನಮ್ಮ ಮಳೆ ನಮ್ಮ ನೆತ್ತಿಯ ಮೇಲೆ ಹುಟ್ಟುವುದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಅರಬ್ಬೀ ಸಮುದ್ರದ ತೇವ ಮಲೆನಾಡಿನಲ್ಲಿ ಸುರಿದು ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟಿಗೆ ಬರುತ್ತದೆ. ಘಟ್ಟದ ನೆರಳಿನಲ್ಲಿರುವ ನಮಗೆ ಆಗ ಸಿಗುವುದು ಕಾಲುವೆಯ ನೀರು. ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಬಂಗಾಳ ಕೊಲ್ಲಿಯ ತೇವ ನೇರವಾಗಿ ನಮ್ಮ ಹೊಲಕ್ಕೆ ಬರುತ್ತದೆ. ಇಂದು ಮಛಲಿಪಟ್ಟಣದ ಆಚೆ ಕಡಲ ಮೇಲೆ 3 ಕಿಲೋಮೀಟರ್ ಎತ್ತರದಲ್ಲಿ ತೇವ ಎಷ್ಟಿದೆ ಎಂದು ಸರಿಯಾಗಿ ತಿಳಿದರೆ, ನಾಡಿದ್ದು ಮಾನ್ವಿಯ ಹತ್ತಿ ನೆನೆಯುತ್ತದೆಯೇ ಎಂಬುದು ತಿಳಿಯುತ್ತದೆ. ಹಾಗಾಗಿ ಮಾದರಿಯ ಹೊರ ಚೌಕಟ್ಟನ್ನು ಎರಡೂ ಕಡಲು ಸೇರುವಂತೆ, ಸುಮಾರು 60ರಿಂದ 95 ಡಿಗ್ರಿ ಪೂರ್ವದ ತನಕ ಹಾಸಿ. ಮೂರು ಜಿಲ್ಲೆಯನ್ನು 3 ಕಿಲೋಮೀಟರ್ ಜಾಲದಲ್ಲಿ ಒಳಗಿಡಿ, ಮಾಪನವನ್ನು ಉಣಿಸುವುದು ಹೊರ ಚೌಕಟ್ಟಿಗೆ. ಚೌಕಟ್ಟನ್ನು ಕರ್ನಾಟಕದ ಗಡಿಗೆ ಕತ್ತರಿಸಿ ಮೈಕ್ರೋವೇವ್ ಸೇರಿಸುವುದು ದಂಡದ ಕೆಲಸ.

ಶುಭ್ರ ಆಕಾಶ ಮಾತ್ರವೋ, ಎಲ್ಲ ಆಕಾಶವೋ

ಹಳೆಯ ಪದ್ಧತಿಯಲ್ಲಿ ಗುಡುಗುಮೋಡ ತಾಗಿದ ಬಿಂದುಗಳನ್ನೆಲ್ಲ ತೆಗೆದುಹಾಕುತ್ತಿದ್ದರು. ಯುರೋಪಿನ ಮಧ್ಯಮಾವಧಿ ಕೇಂದ್ರ ಇದನ್ನು ಬದಲಿಸಿತು. 2009ರಲ್ಲಿ ಮೈಕ್ರೋವೇವ್ ಇಮೇಜರ್‌ಗಳನ್ನು, 2015ರಲ್ಲಿ ಎಂಎಚ್‌ಎಸ್ ಅನ್ನು ಮೋಡ, ಮಳೆ ಇದ್ದ ಜಾಗದಲ್ಲೂ ಬಳಸುವ ವಿಧಾನಕ್ಕೆ ತಂದಿತು. ಮೋಡದೊಳಗಿನ ಹಿಮಕಣ ವಿಕಿರಣವನ್ನು ಹೇಗೆ ಚದುರಿಸುತ್ತದೆ ಎಂದು ಲೆಕ್ಕ ಹಾಕಿ, ಆ ಚದುರಿಕೆಯನ್ನೇ ಮಾಹಿತಿಯಾಗಿ ತೆಗೆದುಕೊಳ್ಳುತ್ತಾರೆ.

ಅದರಿಂದ ಬಂದ ಒಂದು ಲಾಭ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ತೇವ ಅಳೆದರೆ ಗಾಳಿ ಸುಧಾರಿಸುತ್ತದೆ! ನಾಲ್ಕು ಆಯಾಮದ ವೇರಿಯೇಷನಲ್ ಪದ್ಧತಿಯಲ್ಲಿ ಮಾದರಿ ಹಲವು ಗಂಟೆಗಳ ಮಾಪನಗಳನ್ನು ಕಾಲದ ಸಾಲಿನಲ್ಲೇ ನೋಡುತ್ತದೆ. ಬೆಳಿಗ್ಗೆ ಇಲ್ಲಿದ್ದ ತೇವದ ನಾಲಗೆ ಮಧ್ಯಾಹ್ನಕ್ಕೆ ಅಲ್ಲಿಗೆ ಹೋಗಿದೆ ಎಂದರೆ, ಒಯ್ದ ಗಾಳಿ ಇಂತಿಷ್ಟು ವೇಗದಲ್ಲಿ ಬೀಸಿರಲೇಬೇಕು. ಹೊಳೆಯಲ್ಲಿ ತೇಲುವ ಎಲೆ ನೋಡಿ ಸೆಳೆತ ಹೇಳಿದಂತೆ. ಕಡಲ ಮೇಲೆ ಮೇಲ್ಗಾಳಿ ಅಳೆಯುವ ಸಾಧನ ವಿರಳವಾಗಿರುವ ಉಷ್ಣವಲಯದಲ್ಲಿ ಇದು ದೊಡ್ಡ ಗಳಿಕೆ.

ಆದರೂ ನಿಮಗೆ ನಾನು ಶುಭ್ರ ಆಕಾಶದಿಂದ ಶುರು ಮಾಡಿ ಎಂದೇ ಹೇಳುತ್ತೇನೆ. ಎಲ್ಲ ಆಕಾಶದ ವಿಧಾನಕ್ಕೆ ನಾಲ್ಕು ಆಯಾಮದ ಪದ್ಧತಿಯೋ, ತುಸು ಬೇರೆ ಬೇರೆ ಆರಂಭದಿಂದ ಓಡಿಸಿದ ಹತ್ತಾರು ಓಟಗಳ ಎನ್ಸೆಂಬಲ್ಲೋ ಬೇಕು. ಕಾಲದ ಸಾಲನ್ನು ನೋಡದ ಮೂರು ಆಯಾಮದ ಸಾದಾ ಪದ್ಧತಿಗೆ ಮೋಡದ ಬಿಂದು ಕೊಟ್ಟರೆ ಅದು ಹಿಮಕಣವನ್ನು ಸೇರಿಸಲು ಬಾರದೆ ತೇವವನ್ನು ತಪ್ಪು ಎತ್ತರದಲ್ಲಿ ತುರುಕುತ್ತದೆ. ನಮ್ಮಲ್ಲಿರುವ ಒಂದು ಯಂತ್ರಕ್ಕೆ ಮೂರು ಆಯಾಮದ್ದೇ ಹದ. ಎರಡನೇ ಹೆಜ್ಜೆಯಾಗಿ ಸಣ್ಣ ಎನ್ಸೆಂಬಲ್ ಬೆರೆಸಿದ ಹೈಬ್ರಿಡ್ ನೋಡಬಹುದು.

ಶುಭ್ರ ಆಕಾಶ ಎಂದು ಹೇಗೆ ಗುರುತಿಸುವುದು? ಇಲ್ಲೊಂದು ಸರಳ ಪರೀಕ್ಷೆ ಇದೆ, ಕೈಯಾರೆ ಮಾಡಿ ನೋಡಿ. ಶುಭ್ರವಾದ ತೇವದ ಗಾಳಿಯಲ್ಲಿ 1ರ ಚಾನೆಲ್ಲಿನ ಬ್ರೈಟ್‌ನೆಸ್ ಟೆಂಪರೇಚರ್ (ಬಂದ ವಿಕಿರಣವನ್ನು ತಾಪಮಾನವಾಗಿ ಹೇಳುವ ಲೆಕ್ಕ) ಸುಮಾರು 250 ಕೆಲ್ವಿನ್, 3ರದು ಸುಮಾರು 265, 7ರದು ಸುಮಾರು 278 ಇರುತ್ತದೆ. ಕೆಳಗೆ ಬಿಸಿ, ಮೇಲೆ ತಂಪು, ಅದೇ ಕ್ರಮ. ಎತ್ತರದ ಗುಡುಗುಮೋಡ ಬಂದಾಗ ಈ ಕ್ರಮ ತಲೆಕೆಳಗಾಗುತ್ತದೆ. ಆಳಕ್ಕೆ ಇಳಿಯುವ 7ರ ಚಾನೆಲ್ ಹೆಚ್ಚು ಹಿಮಕಣಕ್ಕೆ ಸಿಕ್ಕಿ ಹೆಚ್ಚು ಕುಸಿಯುತ್ತದೆ, 3ರದು ಅದಕ್ಕಿಂತ ಕಡಿಮೆ, 1ರದು ಇನ್ನೂ ಕಡಿಮೆ. ಮೂರು ಸಂಖ್ಯೆಗಳ ಕ್ರಮ ಉಲ್ಟಾ ಆದ ಬಿಂದುವನ್ನು ತೆಗೆದಿಡಿ. ಅಂಚಿನಲ್ಲಿ ಅನುಮಾನ ಬಂದದ್ದನ್ನೂ ತೆಗೆದಿಡಿ. ನನ್ನ ಹುಡುಗರಿಗೆ ಮೊದಲ ವಾರ ಇದೊಂದನ್ನೇ ಕಾಗದದ ಮೇಲೆ ಮಾಡಿಸುತ್ತೇನೆ. ಒಂದು ಸುತ್ತಿನ ನೂರು ಬಿಂದು ಹೀಗೆ ವಿಂಗಡಿಸಿದ ಮೇಲೆ ಉಪಗ್ರಹ ಏನು ನೋಡುತ್ತದೆಂದು ಅವರಿಗೆ ಬಾಯಿಮಾತಿಲ್ಲದೆ ತಿಳಿಯುತ್ತದೆ.

ರೇಡಿಯನ್ಸೋ, ಸಿದ್ಧ ತೇವಾಂಶವೋ

ಇಲ್ಲಿ ಹೆಚ್ಚು ಯೋಚಿಸುವುದು ಬೇಡ. ಬೇರೆಯವರು ಲೆಕ್ಕ ಹಾಕಿ ಕೊಟ್ಟ ತೇವಾಂಶದ ಕಡತ ಬಳಸಲು ಸಲೀಸು, ಆದರೆ ಅದರೊಳಗೆ ಅವರ ಊಹೆಗಳೂ ಸೇರಿರುತ್ತವೆ, ಯಾವ ಎತ್ತರದಲ್ಲಿ ಎಷ್ಟು ಎಂದು ನಿಮಗೆ ತಿಳಿಯುವುದಿಲ್ಲ. ಉಪಕರಣ ಅಳೆದ ರೇಡಿಯನ್ಸನ್ನೇ, ಅಂದರೆ ಕಚ್ಚಾ ವಿಕಿರಣದ ಲೆಕ್ಕವನ್ನೇ, ಕೊಡಿ. ಆರ್‌ಟಿಟಿಒವಿ ಅಥವಾ ಸಿಆರ್‌ಟಿಎಂ ತಂತ್ರಾಂಶ ಮಾದರಿಯ ಗಾಳಿಯಿಂದ ಅದೇ ರೇಡಿಯನ್ಸ್ ಲೆಕ್ಕ ಹಾಕಿ ಹೋಲಿಸುತ್ತದೆ. ಡಬ್ಲ್ಯುಆರ್‌ಎಫ್‌ಡಿಎಗೆ, ಅಂದರೆ ಡಬ್ಲ್ಯುಆರ್‌ಎಫ್‌ಗೆ ಮಾಪನ ಉಣಿಸುವ ತಂತ್ರಾಂಶಕ್ಕೆ, ಎರಡೂ ಹೊಂದುತ್ತವೆ. ಮೊದಲ ಸಲ ಯಾವುದು ಸಲೀಸಾಗಿ ಕೂಡುತ್ತದೋ ಅದನ್ನೇ ಹಿಡಿಯಿರಿ.

ಪಕ್ಷಪಾತ, ಅಂದರೆ ಮಾಪನ ಒಂದೇ ಕಡೆಗೆ ವಾಲುವ ತಪ್ಪು, ತಿದ್ದುವ ಗುಣಾಂಕಗಳನ್ನು ಮಾತ್ರ ಸೊನ್ನೆಯಿಂದ ಶುರು ಮಾಡಬೇಡಿ. ತಂತ್ರಾಂಶದ ಜೊತೆ ಬರುವ ಆರಂಭಿಕ ಕಡತದಿಂದ ಹೊರಟು, ಎರಡು ಮೂರು ವಾರ ಮಾಪನವನ್ನು ನೋಡುವುದಷ್ಟೇ ಮಾಡಿ, ಮಾದರಿಗೆ ಉಣಿಸಬೇಡಿ. ಗುಣಾಂಕ ಹದಕ್ಕೆ ಬಂದ ಮೇಲೆ ಉಣಿಸಿ. ಒತ್ತೊತ್ತಾದ ಬಿಂದುಗಳನ್ನೂ ತೆಳುಮಾಡಿ. ಪಕ್ಕಪಕ್ಕದ ಹತ್ತು ಬಿಂದು ಹತ್ತು ಸಾಕ್ಷಿಯಾಗುವುದಿಲ್ಲ.

ಫಲ ಬಂತೋ ಇಲ್ಲವೋ ನೋಡಲು

ಮಳೆಯ ಮುನ್ಸೂಚನೆ ಸುಧಾರಿಸಿತೇ ಎಂದು ನೋಡಲು ಐಮರ್ಗ್ ಎಂಬ ಉಪಗ್ರಹ ಮಳೆ ನಕ್ಷೆಯನ್ನು ಎಲ್ಲರೂ ಬಳಸುತ್ತಾರೆ. ಅದನ್ನು ಕಟ್ಟಲು ಎಂಎಚ್‌ಎಸ್ ಮತ್ತು ಎಟಿಎಂಎಸ್ ಮಾಪನವೂ ಹೋಗಿದೆ. ಉಣಿಸಿದವರನ್ನೇ ರುಚಿ ಕೇಳಿದಂತಾಗುತ್ತದೆ. ನಮ್ಮ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯದು ಕೈಯಲ್ಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿ ನಿಂತು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅಷ್ಟು ದಟ್ಟವಾದ ಜಾಲ ಸಿಗುವುದು ಪುಣ್ಯ. ಸಿರುಗುಪ್ಪ, ಸಿಂಧನೂರು, ಕುಷ್ಟಗಿ ತಾಲೂಕುಗಳ ಮಾಪಕಗಳನ್ನು ಹೋಬಳಿವಾರು ಗುಂಪು ಮಾಡಿ, ಮಾಪನ ಉಣಿಸಿದ ಓಟ ಮತ್ತು ಉಣಿಸದ ಓಟ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದು ಮಳೆಯಿಂದ ತೀರ್ಮಾನ ಮಾಡಬೇಡಿ. ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಓಡಿಸಿ, 24 ಗಂಟೆ ಮತ್ತು 48 ಗಂಟೆ ಬೇರೆ ಬೇರೆ ಲೆಕ್ಕ ಹಾಕಿ. ಕಡಲಿನ ಮಾಪನದ ಫಲ ನಮ್ಮ ಜಿಲ್ಲೆಯಲ್ಲಿ ಮೊದಲ ಹನ್ನೆರಡು ಗಂಟೆಗಿಂತ ಎರಡನೇ ದಿನ ಹೆಚ್ಚು ಕಾಣಬೇಕು. ಹಾಗೆ ಕಾಣದಿದ್ದರೆ ಲಾಗ್ ಕಡತ ತೆರೆದು, ಬಿಂದುಗಳ ಸಂಖ್ಯೆಯ ಸಾಲು ನೋಡಿ.

ಕಾರಟಗಿಯ ಆ ರೈತರು ಈ ವರ್ಷವೂ ಫೋನ್ ಮಾಡಿದ್ದರು. 06 ಗಂಟೆಯ ಓಟ ಮುಗಿಯುವ ತನಕ ಕಾಯಿರಿ, ಸಂಜೆ ನಾಲ್ಕಕ್ಕೆ ಹೇಳುತ್ತೇನೆ ಎಂದೆ. “ಆಗ್ಲಿ ಸರ, ಅಲ್ಲೀತನ ತಾಡಪಾಲು ಹತ್ರ ಇಟ್ಕೊಂಡಿರ್ತೀವಿ” ಎಂದರು.